ಒಲೆಯ ಹಿಂದಿನ ಗೋಡೆ

೧೨ ಜೂನ್ ೨೦೨೫, ಗುರುವಾರ

ಚಿಕ್ಕೋಡಿಯ ಡಾಕ್ಟರು ದಿನಾ ಬರೆದಿಡಿ ಅಂದಿದ್ದಾರೆ. ಎಷ್ಟು ಸಲ ಕೆಮ್ಮು ಬಂತು, ದಮ್ಮು ಯಾವಾಗ ಹತ್ತಿತು, ಔಷಧದ ಪಂಪು ಎಷ್ಟು ಸಲ ಎಳೆದೆ. ಅದಕ್ಕೆಂದು ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿಯನ್ನು ಟ್ರಂಕಿನ ಹಿಂದಿನಿಂದ ಹುಡುಕಿ ತೆಗೆದೆ. ಕೆಮ್ಮು ಹನ್ನೊಂದು ಸಲ. ಪಂಪು ಎರಡು. ಬರೆದಾಯಿತು. ಉಳಿದ ಜಾಗದಲ್ಲಿ ನನ್ನ ಸಿಟ್ಟು ಬರೆಯುತ್ತೇನೆ. ಅದನ್ನು ಕೇಳುವ ಕಿವಿ ಈ ಮನೆಯಲ್ಲಿ ಇಲ್ಲ.

ಡಾಕ್ಟರು ನನ್ನ ಮಗ ನಿಖಿಲನ ವಯಸ್ಸಿನವರು. ಒಂದು ಕೊಳವೆ ಕೊಟ್ಟು ಊದಿ ಅಂದರು. ಊದಿದೆ. ಮತ್ತೊಮ್ಮೆ ಅಂದರು. ಮೂರನೇ ಸಲಕ್ಕೆ ಕಣ್ಣು ಕತ್ತಲೆ ಬಂತು. ಆಮೇಲೆ ಕಾಗದ ನೋಡಿ ಕೇಳಿದರು, "ಬೀಡಿ ಸೇದ್ತೀರೇನ್ರಿ, ಅಮ್ಮಾರ?"

ಹುಟ್ಟಿದಾಗಿನಿಂದ ಸೋಸದ ನೀರು ಕುಡಿಯದವಳನ್ನು ಬೀಡಿ ಸೇದುತ್ತೀರಾ ಎಂದು ಕೇಳಿದರು. ಇಲ್ಲ ಅಂದೆ.

"ಹಂಗಾರ ನಿಪ್ಪಾಣಿ ಕಡೆ ತಂಬಾಕಿನ ವಖಾರದಾಗ ಕೆಲಸಾ ಮಾಡೀರೇನು?"

"ಇಲ್ರಿ."

"ಒಲಿ ಮುಂದ ಕುಂಡ್ರತಿದ್ರಿ?"

"ಇಪ್ಪತ್ನಾಕ ವರ್ಷ ಕುಂತೇನ್ರಿ. ತಂಬಾಕಿನ ಕಡ್ಡಿ, ಹತ್ತಿಕಟ್ಟಿಗಿ, ಕುಳ್ಳು. ಸಿಕ್ಕದ್ದ ಹಾಕ್ತಿದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಪಕ್ಕದ ಕುರ್ಚಿಯಲ್ಲಿದ್ದ ನಮ್ಮ ಯಜಮಾನರು, ಬಸದಿ ಕಮಿಟಿಯ ಕಾಕಾಸಾಹೇಬರು, ಆಗ ಬಾಯಿ ಬಿಟ್ಟರು: "ಎಲ್ಲಾರ ಮನ್ಯಾಗೂ ಕುಂಡ್ರತಿದ್ರು ಬಿಡ್ರಿ, ಡಾಕ್ಟರ. ಅದೇನ ಹೊಸಾದಲ್ಲ."

ಬಸ್ಸಿನಲ್ಲಿ ಇವರ ಪಕ್ಕ ಕೂಡಲಿಲ್ಲ. ಹಿಂದಿನ ಸೀಟಿಗೆ ಹೋದೆ.

೧೪ ಜೂನ್, ಶನಿವಾರ

ಕೆಮ್ಮು ಎಣಿಸಲಿಲ್ಲ. ಮೈಯೆಲ್ಲ ಉರಿಯುತ್ತಿದೆ.

ಬಸದಿಗೆ ಹೋಗಿ ಬರುವಷ್ಟರಲ್ಲಿ ಆ ಹುಡುಗಿ ಒಲೆಯನ್ನು ಮದುಮಗಳ ಹಾಗೆ ಸಿಂಗರಿಸಿ ಇಟ್ಟಿದ್ದಳು. ಆ ಹುಡುಗಿ ಅಂದರೆ ಮಯೂರಿ, ಫೆಬ್ರವರಿಯಲ್ಲಿ ನಿಖಿಲನನ್ನು ಮದುವೆಯಾಗಿ ಇಚಲಕರಂಜಿಯಿಂದ ಬಂದವಳು. ಫ್ಲಾಟಿನಲ್ಲಿ ಬೆಳೆದವಳು, ಒಲೆಯನ್ನು ಟೀವಿಯಲ್ಲಿ ನೋಡಿರಬೇಕು. ನಮ್ಮ ಅಡುಗೆಮನೆಯ ಮೂಲೆಯ ಎರಡು ಬಾಯಿಯ ಒಲೆ ಗ್ಯಾಸ್ ಬಂದ ಮೇಲೆ ಹನ್ನೊಂದು ವರ್ಷದಿಂದ ಸುಮ್ಮನೆ ಬಿದ್ದಿದೆ. ಅದಕ್ಕೆ ಕೆಮ್ಮಣ್ಣು ಸಾರಿಸಿ, ಸುಣ್ಣದಲ್ಲಿ ಕಡ್ಡಿಕಾಲಿನ ಮನುಷ್ಯರನ್ನು ಬರೆದು, ಒಂದು ಬಾಯಿಗೆ ತಾಮ್ರದ ತಂಬಿಗೆ, ಇನ್ನೊಂದಕ್ಕೆ ಪ್ಲಾಸ್ಟಿಕ್ ಸೇವಂತಿಗೆ ಇಟ್ಟಿದ್ದಾಳೆ. ಬೆಂಕಿ ಇರಬೇಕಾದಲ್ಲಿ ಹಳದಿ ಲೈಟಿನ ಸರ.

"ಆಯಿ, ಕಿತೀ ಛಾನ, ಎಷ್ಟ ಚಂದ ಕಾಣ್ತೈತಿ ನೋಡ್ರಿ. ಫೋಟೋ ಹಾಕೇನಿ. ನಮ್ಮ ಮಾಮಿ, ಮೈತ್ರಿಣ್ಯಾರು ಎಲ್ಲಾರೂ ಕೇಳಾಕತ್ತಾರ."

ಫೋಟೋದ ಕೆಳಗೆ ಮರಾಠಿಯಲ್ಲಿ ಬರೆದಿದ್ದಳು, ಅಜ್ಜಿಯ ಪ್ರೀತಿಯ ಒಲೆ ಎಂದು. ಯಾವ ಅಜ್ಜಿ, ಎಲ್ಲಿಯ ಪ್ರೀತಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗಾಯಿತು. ನಾನು ಕಣ್ಣೀರು ಸುರಿಸಿದ ಜಾಗದಲ್ಲಿ ಲೈಟಿನ ಸರ.

ಪ್ಲಗ್ಗು ಕಿತ್ತು ಸರವನ್ನು ಸುತ್ತಿ ಅವಳ ಕೈಗೆ ಕೊಟ್ಟೆ. ಹೂ ಹಿತ್ತಲಿಗೆ ಎಸೆದೆ. ಅವಳು ಎದುರು ಮಾತಾಡಲಿಲ್ಲ. ಮಾತಾಡಿದ್ದರೆ ಚೆನ್ನಾಗಿತ್ತು, ಇನ್ನೂ ನಾಲ್ಕು ಮಾತು ನನ್ನ ಹತ್ತಿರ ಇದ್ದವು.

೧೫ ಜೂನ್

ನಮ್ಮತ್ತೆ ಬಹಳ ದಯೆಯವರು. ಹೋದ ವರ್ಷ ತೀರಿಕೊಂಡಾಗ ಊರೆಲ್ಲ ಅದನ್ನೇ ಹೇಳಿತು. ಒಂದೊಂದು ಕಟ್ಟಿಗೆಯನ್ನೂ ನೆಲಕ್ಕೆ ಎರಡು ಸಲ ತಟ್ಟಬೇಕು. "ಹೋಗವ್ವಾ, ಹೋಗು" ಎಂದು ಒಳಗಿನ ಹುಳಕ್ಕೆ ಹೇಳಿ, ಅದು ಹೊರಗೆ ಬರುವಷ್ಟು ಹೊತ್ತು ಕಾಯಬೇಕು. ಆಮೇಲೆಯೇ ಒಲೆಗೆ ಇಡಬೇಕು. ನಾನು ಒಂದು ದಿನ ತಟ್ಟದೆ ಇಟ್ಟದ್ದಕ್ಕೆ ಅವರು ಊಟ ಬಿಟ್ಟು ಮಲಗಿದ್ದರು.

ಗೆದ್ದಲಿಗೆ ದಾರಿ ಬಿಟ್ಟು ಕಾಯುತ್ತಿದ್ದ ಆ ತಾಯಿ ನನಗಿದ್ದ ಒಂದೇ ಕಿಟಕಿಯನ್ನು ಮುಚ್ಚಿಸಿದರು.

ಹೌದು, ಒಲೆಯ ಹಿಂದಿನ ಗೋಡೆಯಲ್ಲಿ ಕಿಟಕಿ ಇತ್ತು. ಮದುವೆಯಾಗಿ ಎಂಟು ತಿಂಗಳಿಗೆ, ಗಾಳಿಗೆ ಉರಿ ನಿಲ್ಲುವುದಿಲ್ಲ ಎಂದರು. ಅದು ನೆಪ. ಹೊಸ ಸೊಸೆ ರೊಟ್ಟಿ ಬಡಿಯುತ್ತ ರಸ್ತೆ ನೋಡುತ್ತಾಳೆ ಎಂದು ಯಾರೋ ಕಿವಿಗೆ ಹಾಕಿದ್ದರು. ನನಗಾಗ ಇಪ್ಪತ್ತು. ರಸ್ತೆಯಲ್ಲಿ ಏನು ಮಹಾ ಇತ್ತು, ಕಬ್ಬಿನ ಗಾಡಿ, ಸಾಲಿ ಬಿಟ್ಟು ಬರುವ ಹುಡುಗಿಯರು.

ಇಟ್ಟಿಗೆ ಇಟ್ಟು ಮುಚ್ಚಿದವರು ಇವರೇ. ಗೌಂಡಿಯನ್ನೂ ಕರೆಯಲಿಲ್ಲ. ಒಂದು ಮಧ್ಯಾಹ್ನದಲ್ಲಿ ಮುಗಿಸಿ, ಕೈ ತೊಳೆದು, ನಾನು ಬಡಿದ ರೊಟ್ಟಿ ತಿಂದರು. ಇವರಿಗೆ ಅದು ನೆನಪೂ ಇಲ್ಲ. ನೆನಪಿದ್ದರೆ ಡಾಕ್ಟರ ಮುಂದೆ ಆ ಮಾತು ಬಾಯಿಂದ ಬರುತ್ತಿರಲಿಲ್ಲ.

ಅಲ್ಲಿಂದ ಹೊಗೆಗೆ ಇದ್ದದ್ದು ಮೇಲಿನ ಒಂದು ಬೆಳಕಿಂಡಿ ಮತ್ತು ನನ್ನ ಎದೆ.

ಪಂಪು ಮೂರು.

೧೯ ಜೂನ್, ಗುರುವಾರ

ಇವತ್ತು ಬಾಯಿಬಿಟ್ಟು ಹೇಳಿಬಿಟ್ಟೆ. ಆ ಒಲೆ ಬೇಡ, ಅಲ್ಲಿ ಕಿಟಕಿ ಬೇಕು, ನಾಳೆ ಮಾಳೇಶನನ್ನು ಕರೆಸುತ್ತೇನೆ ಎಂದೆ. ಮಾಳೇಶ ನಮ್ಮೂರಿನ ಗೌಂಡಿ.

"ಅವ್ವನ ಒಲಿ ಅದು" ಅಂದರು ಇವರು. "ಎಷ್ಟ ಮುನಿ ಮಹಾರಾಜರ ಆಹಾರ ಆಗೈತಿ ಅದರ ಮ್ಯಾಲ. ಕೆಡವತಾರೇನು?"

"ಅಡಗಿ ಮಾಡಿದಾಕಿ ನಾನು."

"ಮಾಡಿದಿ. ಪುಣ್ಯ ನಿನಗೂ ಬಂದೈತಿ."

ಪುಣ್ಯ ಕೊಳವೆಯಲ್ಲಿ ಊದಿದರೆ ಬರುತ್ತದೇನು ಎಂದು ಕೇಳಿದೆ. ಪೇಪರು ಎತ್ತಿಕೊಂಡರು. ನಿಖಿಲ ಕಾರ್ಖಾನೆಗೆ ಹೊತ್ತಾಯಿತು ಎಂದು ಗಾಡಿ ಚಾಲೂ ಮಾಡಿದ. ಜಗಳದ ವಾಸನೆ ಬಂದರೆ ಅವನಿಗೆ ಹೊತ್ತಾಗುತ್ತದೆ, ಅಪ್ಪನ ಮಗ.

೨೧ ಜೂನ್

ಮಾಳೇಶ ಬಂದಿದ್ದ. ಇವರು ಅಂಗಳದಿಂದಲೇ ವಾಪಸು ಕಳಿಸಿದರು. ಚಾತುರ್ಮಾಸ ಹತ್ತಿರ ಬಂತು, ನೆಲ ಅಗೆಯುವುದು, ಕೆಡವುವುದು ಜೀವಹಿಂಸೆ, ದೀಪಾವಳಿ ಆದಮೇಲೆ ನೋಡೋಣ ಎಂದರಂತೆ. ಹಿತ್ತಲಲ್ಲಿ ಬೋರಿನ ಪೈಪಿಗೆ ಹೋದವಾರ ಗುಂಡಿ ತೋಡಿಸಿದಾಗ ಜೀವ ಇರಲಿಲ್ಲವೇನೋ.

೬ ಜುಲೈ, ರವಿವಾರ

ಹದಿನೈದು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಿರಲಿಲ್ಲ. ಇವತ್ತು ಆಯಿತು.

ಬಸದಿಯಲ್ಲಿ ಮೀಟಿಂಗು. ಈ ಸಲ ಚಾತುರ್ಮಾಸಕ್ಕೆ ನಮ್ಮೂರಿಗೆ ಒಬ್ಬ ಮಹಾರಾಜರು ಬರುತ್ತಾರೆ, ನಾಲ್ಕು ತಿಂಗಳು ಇರುತ್ತಾರೆ. ಅವರ ಆಹಾರಕ್ಕೆ ಯಾವ ಮನೆಯವರು ಯಾವ ದಿನ ಚೌಕಾ ಹಚ್ಚಬೇಕು, ಅಂದರೆ ಅಡುಗೆಮನೆ ಶುದ್ಧಮಾಡಿ ಮಡಿಯಲ್ಲಿ ಅಡುಗೆ ಮಾಡಬೇಕು ಎಂದು ಪಾಳಿ ಹಾಕಿದರು. ನಮ್ಮದು ೨೭ನೇ ತಾರೀಖು. ಇವರು ಎದ್ದು ನಿಂತು, ಎಲ್ಲರೆದುರು, ನನ್ನನ್ನು ಒಂದು ಮಾತೂ ಕೇಳದೆ ಹೇಳಿದರು: "ನಮ್ಮ ಮನ್ಯಾಗ ಗ್ಯಾಸಿನ ಮ್ಯಾಲ ಅಲ್ರಿ. ನಮ್ಮವ್ವನ ಕಟ್ಟಿಗಿ ಒಲಿ ಮ್ಯಾಲ ಆಗ್ತೈತಿ."

ಗಂಡಸರೆಲ್ಲ ಭಲೇ ಅಂದರು. ಆ ಒಲೆಯ ಮುಂದೆ ಕೂಡುವ ಹೆಂಗಸು ಇತ್ತ ಕಡೆ ಚಾಪೆಯ ಮೇಲೆ ಪಂಪು ಎಳೆಯುತ್ತಿದ್ದಳು.

ಮನೆಗೆ ಬಂದು ಕೇಳಿದೆ, ನಾನು ಸತ್ತರೆ ನಿಮಗೆ ನಡೆಯುತ್ತದೇನು ಎಂದು. "ಒಂದ ದಿನದ ಮಾತ, ಯಾಕ ಇಷ್ಟ ತಗೀತಿ" ಅಂದರು. ನನ್ನ ಇಪ್ಪತ್ನಾಲ್ಕು ವರ್ಷವೂ ಒಂದೊಂದೇ ದಿನದ ಹಾಗೆ ಬಂದವು.

೧೦ ಜುಲೈ, ಗುರುವಾರ

ಇವತ್ತು ನಾನು ಗೆದ್ದೆ.

ಮಹಾರಾಜರ ಪ್ರವಚನ ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಎದ್ದು ನಿಯಮ ತೆಗೆದುಕೊಂಡರು. ಒಬ್ಬರು ಬದನೆಕಾಯಿ ಬಿಟ್ಟರು, ಒಬ್ಬರು ಟೀವಿ ಬಿಟ್ಟರು. ನಾನೂ ಎದ್ದೆ.

"ನಮೋಸ್ತು, ಮಹಾರಾಜ್. ನಮ್ಮ ಮನಿ ಕಟ್ಟಿಗಿ ಒಲ್ಯಾಗ ಇನ್ನಮ್ಯಾಲ ನಾನು ಬೆಂಕಿ ಹಚ್ಚೂದಿಲ್ರಿ. ನಿಯಮ ಕೊಡ್ರಿ."

"ಎಷ್ಟು ದಿನಕ್ಕವ್ವಾ?"

"ಜೀವ ಇರೂತನಕ."

ಮಹಾರಾಜರು ಒಂದು ಗಳಿಗೆ ನೋಡಿದರು. ಆಮೇಲೆ ನವಿಲುಗರಿಯ ಪಿಂಛಿ ಎತ್ತಿ ಹರಸಿದರು. ಆಯಿತು. ಇನ್ನು ಆ ಒಲೆ ಹಚ್ಚು ಎಂದು ನನಗೆ ಹೇಳಿದವರಿಗೆ ನಿಯಮ ಮುರಿಸಿದ ಪಾಪ. ಗಂಡಸರ ಕಡೆ ಕೂತಿದ್ದ ಇವರ ಮುಖ ನೋಡಬೇಕಿತ್ತು, ಹುಣಸೆಹಣ್ಣು ಕಚ್ಚಿದ ಹಾಗಿತ್ತು.

ಕೆಮ್ಮು ನಾಲ್ಕೇ ಸಲ.

೧೧ ಜುಲೈ

ನಾನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದರು.

ಬೆಳಿಗ್ಗೆ ಚಹಾ ಕುಡಿಯುತ್ತ ತಣ್ಣಗೆ ಅಂದರು, "ನಿಯಮ ನಿನ್ನದು. ಮಯೂರಿದಲ್ಲಲ್ಲ. ಆಕಿ ಹಚ್ಚಲಿ, ನೀ ಬಾಜೂಕ ನಿಂತ ಹೇಳಿಕೊಡು."

ಆ ಹುಚ್ಚಿ ಹೂಂ ಅಂದುಬಿಟ್ಟಳು. "ನಾ ಮಾಡ್ತೀನ್ರಿ ಅಪ್ಪಾ. ನನಗ ಚೂಲಿ ಮ್ಯಾಲ ಅಡಗಿ ಕಲಿಯೂದೈತಿ."

ಕಲಿಯಲಿ. ಲೈಟಿನ ಸರ ಹಾಕಿದವಳಿಗೆ ಅದರ ನಿಜವಾದ ಸಿಂಗಾರ ಗೊತ್ತಾಗಲಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

೧೫ ಜುಲೈ, ಮಂಗಳವಾರ

ನಾಲ್ಕು ದಿನದಿಂದ ರೂಢಿ ನಡೆದಿದೆ. ನಾನು ಬಾಗಿಲಲ್ಲಿ ಮೂಗಿಗೆ ಸೆರಗು ಹಿಡಿದು ನಿಂತು ಹೇಳುತ್ತೇನೆ, ಅವಳು ಮಾಡುತ್ತಾಳೆ. ಕಟ್ಟಿಗೆ ತಟ್ಟುವುದು ಕಲಿಸಿದೆ. ಊದುಗೊಳವೆ ಹಿಡಿಯುವುದು ಕಲಿಸಿದೆ. ಮೊದಲ ದಿನ ಹುಬ್ಬು ಸುಟ್ಟುಕೊಂಡಳು. ರೊಟ್ಟಿ ಒಂದು ಕಡೆ ಇದ್ದಲಿ, ಇನ್ನೊಂದು ಕಡೆ ಹಿಟ್ಟು.

ಇವತ್ತು ಹೊಗೆಗೆ ಎದ್ದು ಹೊರಗೆ ಓಡಿದಾಗ, "ಹೊಗಿಗೆ ಅಂಜಿದ್ರ ಹೊಟ್ಟಿ ತುಂಬತೈತೇನ?" ಎಂದು ಕೇಳಿದೆ. ವಾಪಸು ಬಂದು ಕೂತಳು.

ಈ ಮಾತನ್ನು ಎಲ್ಲಿ ಕೇಳಿದ್ದೆ ಎಂದು ಮಧ್ಯಾಹ್ನವೆಲ್ಲ ಯೋಚಿಸಿದೆ. ನಮ್ಮತ್ತೆಯದು. ಸುಮ್ಮನೆ ಬಾಯಿಗೆ ಬಂತು, ಅಷ್ಟೇ.

೧೯ ಜುಲೈ, ಶನಿವಾರ

ನನ್ನ ಕೆಮ್ಮು ಆರು. ಮಯೂರಿಯದು ಒಂಬತ್ತು.

ಮೂರು ದಿನದಿಂದ ಜಿಟಿಜಿಟಿ ಮಳೆ. ಕಟ್ಟಿಗೆ ಹಸಿ. ಅವಳ ಕಣ್ಣು ಕೆಂಪಾಗಿ ಊದಿಕೊಂಡಿವೆ. ಹೊರಗೆ ಜೋಕಾಲಿಯಲ್ಲಿ ಕೂತ ಇವರು ಅಲ್ಲಿಂದಲೇ ಕೂಗುತ್ತಾರೆ, "ಕಟ್ಟಿಗಿ ಬಡದ ಇಡಾಕ ಹೇಳ, ಹುಳಾ ಇರ್ತಾವ." ನಮ್ಮತ್ತೆಯ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಇದೊಂದು ಚೆನ್ನಾಗಿ ಬಂದಿದೆ.

ಒಲೆ ಆರಿದ ಮೇಲೆ ಅವಳು ಒದ್ದೆ ಅರಿವೆಯಿಂದ ಹಿಂದಿನ ಗೋಡೆ ಒರೆಸುತ್ತಿದ್ದಳು. ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಮಸಿ ಹೋದಲ್ಲಿ ಚೌಕಾಕಾರದ ಗೆರೆ ಕಾಣುತ್ತಿತ್ತು.

"ಆಯಿ, ಇಲ್ಲಿ ಕಿಡಕಿ ಇತ್ತೇನ್ರಿ?"

ಮೂವತ್ನಾಲ್ಕು ವರ್ಷದಲ್ಲಿ ಇದನ್ನು ಕೇಳಿದ ಮೊದಲನೆಯವಳು ಇವಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನೂ ಕೇಳಿರಲಿಲ್ಲ.

ಇತ್ತು ಅಂದೆ. ಯಾಕೆ ಮುಚ್ಚಿದರು ಎಂದಳು. ಹೇಳಿದೆ. ಎರಡು ಮಾತಲ್ಲಿ ಹೇಳಬೇಕೆಂದಿದ್ದೆ, ಎಲ್ಲ ಉದ್ದಕ್ಕೆ ಬಂತು, ಕಬ್ಬಿನ ಗಾಡಿ, ಇವರು ಇಟ್ಟಿಗೆ ಇಟ್ಟದ್ದು, ಕೈ ತೊಳೆದು ಊಟಕ್ಕೆ ಕೂತದ್ದು. ಅವಳು ಅರಿವೆ ಹಿಂಡುವುದನ್ನು ಬಿಟ್ಟು ಕೇಳಿದಳು. ಕೊನೆಗೆ, "ಆಯಿ, ಆ ಫೋಟೋ ನಾ ಅಳಿಸಿ ಹಾಕೇನ್ರಿ" ಅಂದಳು. ಯಾವ ಫೋಟೋ ಅಂದೆ. ಲೈಟಿನ ಸರದ್ದು.

ಅಳಿಸದಿದ್ದರೂ ನಡೆಯುತ್ತಿತ್ತು. ಹಾಗೆಂದು ಅವಳಿಗೆ ಹೇಳಲಿಲ್ಲ.

೨೧ ಜುಲೈ

ಮಯೂರಿಯ ಕೆಮ್ಮು ಹದಿನಾಲ್ಕು. ನನ್ನದು ಎಣಿಸಲಿಲ್ಲ.

ನನ್ನ ಪಂಪು ಕೊಡಲೇ ಎಂದೆ. ಡಾಕ್ಟರನ್ನು ಕೇಳದೆ ಬೇಡ ಎಂದು ನನಗೇ ಬುದ್ಧಿ ಹೇಳಿದಳು. ಇಷ್ಟು ತಿಳಿದವಳಿಗೆ ಒಲ್ಲೆ ಅನ್ನಲು ಯಾಕೆ ಬರುವುದಿಲ್ಲವೋ. ನಿಖಿಲನಿಗೆ ಹೇಳಿದೆ, ನಿನ್ನ ಹೆಂಡತಿಯ ಕೆಮ್ಮು ನೋಡು ಎಂದು. "೨೭ ಆಗಲಿ ಬೇ ಅವ್ವಾ, ಒಂದ ವಾರದ ಮಾತ" ಅಂದ.

ಒಂದು ದಿನದ ಮಾತು ಒಂದು ವಾರವಾಗಿದೆ. ಹೀಗೇ ಶುರುವಾಗುತ್ತದೆ.

೨೨ ಜುಲೈ, ಮಂಗಳವಾರ

ಬೆಳಿಗ್ಗೆ ಎಂಟರ ಸುಮಾರಿಗೆ ಹಿತ್ತಲಲ್ಲಿದ್ದೆ. ಕೆಮ್ಮು ಕೇಳಿಸಿತು. ಒಲೆಯ ಹಿಂದಿನ ಗೋಡೆಯ ಆಚೆಯಿಂದ, ಮಯೂರಿಯದು. ಆ ಗೋಡೆಯ ಹೊರಗೆ ನಿಂತು ಒಳಗಿನ ಕೆಮ್ಮು ನಾನು ಯಾವತ್ತೂ ಕೇಳಿರಲಿಲ್ಲ, ಯಾಕೆಂದರೆ ಕೆಮ್ಮುವವಳು ನಾನಾಗಿದ್ದೆ. ಹೊರಗೆ ಎಷ್ಟು ಸ್ಪಷ್ಟ ಕೇಳುತ್ತದೆ. ಹಾಗಾದರೆ ಅಷ್ಟೂ ವರ್ಷ ಇವರಿಗೆ, ನಮ್ಮತ್ತೆಗೆ, ಹಾದು ಹೋಗುವ ಊರಿನವರಿಗೆಲ್ಲ ಕೇಳಿಸಿದೆ.

ಒಳಗೆ ಹೋಗಿ ಒಂದು ಕೊಡ ನೀರನ್ನು ಒಲೆಗೆ ಸುರಿದೆ. ಮಯೂರಿಯನ್ನು ರಟ್ಟೆ ಹಿಡಿದು ಎಬ್ಬಿಸಿದೆ. ಹಿತ್ತಲಿಂದ ಹಾರೆ ತಂದೆ.

ಇವರು ಓಡಿ ಬಂದರು. "ಏನ ಮಾಡಾಕತ್ತಿ? ಚಾತುರ್ಮಾಸ ಐತಿ."

"ಮಣ್ಣ ಅಗೀಬ್ಯಾಡ ಅಂದಾರ. ಗ್ವಾಡಿ ಬಿಚ್ಚಬ್ಯಾಡ ಅಂದಿಲ್ಲ."

"ಮಹಾರಾಜರ ಆಹಾರ ಐತಿ ರವಿವಾರ. ಎಲ್ಲಾರ ಮುಂದ ಹೇಳೇನಿ."

"ಆಹಾರ ಕೊಡೂಮುಂದ ಏನ ಹೇಳತೇವ್ರಿ ನಾವು? ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ. ಇಪ್ಪತ್ನಾಕ ವರ್ಷ ಈ ಒಲಿ ಮುಂದ ಕುಂತ, ಮನಸಿನ್ಯಾಗ ನಿಮಗ ಬೈಕೋತ, ಮನಶುದ್ಧಿ ಐತಿ ಅಂತ ಸುಳ್ಳ ಹೇಳೇನಿ. ಇನ್ನ ಈ ಹುಡುಗಿ ಕಡಿಂದ ಹೇಳಸಬೇಕೇನು? ನನ್ನ ಕಡಿಂದ ಹೇಳಿಸಿದ್ದು ಸಾಕ."

ಇಷ್ಟು ಮಾತನ್ನು ಒಂದೇ ಉಸಿರಿಗೆ ಆಡಿ ಎಷ್ಟು ವರ್ಷವಾಗಿತ್ತೋ. ದಮ್ಮು ಹತ್ತಿ ಕೂತುಬಿಟ್ಟೆ. ಮಯೂರಿ ಪಂಪು ತಂದಳು. ಆಮೇಲೆ ಹಾರೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲು ಬಂದಳು. ಕೊಡಲಿಲ್ಲ. ಇದು ನನ್ನ ಕೆಲಸ.

ಒಲೆಯ ಕಟ್ಟೆ ಹತ್ತಿ ನಿಂತೆ. ಹೊಡೆಯುವ ಮೊದಲು ಕೈ ತಾನಾಗಿ ಹೋಗಿ ಇಟ್ಟಿಗೆಯನ್ನು ಎರಡು ಸಲ ತಟ್ಟಿತು. "ಹೋಗವ್ವಾ, ಹೋಗು" ಅಂದೆ. ಸಂದಿಯಿಂದ ಕರಿ ಇರುವೆಗಳ ಸಾಲು ಹೊರಟಿತು, ಬಾಯಲ್ಲಿ ಬಿಳಿ ಮೊಟ್ಟೆ. ಅಷ್ಟು ಸಿಟ್ಟಿನಲ್ಲೂ ಅವು ಹೋಗುವತನಕ ನಿಂತಿದ್ದೆ. ಕಾಲು ನೋಯುತ್ತಿದ್ದವು.

ಹಾರೆ ಎತ್ತಿ ನಡುವಿನ ಇಟ್ಟಿಗೆಗೆ ಇಟ್ಟೆ. ಆಗ ಹಿಂದಿನಿಂದ ಇವರ ದನಿ ಬಂತು.

"ಅಲ್ಲಿ ಬ್ಯಾಡ. ಮ್ಯಾಲಿನ ಸಾಲ ಮೊದಲ ತಗಿ, ಇಲ್ಲಾಂದ್ರ ಕಾಲಮ್ಯಾಲ ಬೀಳ್ತಾವ. ಎಡಕಿನ ಮೂಲಿ ಇಟ್ಟಂಗಿ ಸಡಲ ಐತಿ. ಅವತ್ತ ಗಚ್ಚ ಸಾಲಲಿಲ್ಲ, ಬರೇ ಮಣ್ಣ ಮೆತ್ತಿದ್ದೆ."

ತಿರುಗಿ ನೋಡಿದೆ. ಇವರು ನನ್ನನ್ನು ನೋಡಲಿಲ್ಲ, ಆ ಇಟ್ಟಿಗೆಯನ್ನು ನೋಡುತ್ತಿದ್ದರು.

ನೆನಪಿತ್ತು ಇವರಿಗೆ. ಯಾವ ಮೂಲೆಯ ಯಾವ ಇಟ್ಟಿಗೆ ಎಂಬುದೂ ನೆನಪಿತ್ತು. ಮರೆತಿದ್ದಾರೆ ಎಂದುಕೊಂಡು ಮೂವತ್ನಾಲ್ಕು ವರ್ಷ ಇವರಿಗೆ ಅರ್ಧ ಮಾಫಿ ಮಾಡಿದ್ದೆ. ಆ ಅರ್ಧವನ್ನೂ ಇವತ್ತು ವಾಪಸು ತೆಗೆದುಕೊಂಡೆ.

ಎಡಮೂಲೆಯದು ಕೈಯಿಂದ ಎಳೆದರೇ ಬಂತು. ಮೊರದಷ್ಟು ಬೆಳಕು ಒಲೆಯ ಮೇಲೆ ಬಿತ್ತು. ಇಷ್ಟು ವರ್ಷ ನಾನು ಅಷ್ಟು ಹತ್ತಿರ ಕೂತಿದ್ದೆ, ಒಂದು ಕೈ ಎಳೆತದ ದೂರದಲ್ಲಿ.

೨೭ ಜುಲೈ, ರವಿವಾರ

ಗ್ಯಾಸಿನ ಮೇಲೆ ಅಡುಗೆ. ಮಯೂರಿ ಮಾಡಿದಳು, ನಾನು ಹೇಳಿದೆ. ಇವರು ಐದು ದಿನದಿಂದ ಮಾತು ಬಿಟ್ಟು, ಮಹಾರಾಜರು ನಮ್ಮ ಬಾಗಿಲಲ್ಲಿ ನಿಲ್ಲುವುದಿಲ್ಲ ಎಂದು ಮುಖ ಗಂಟು ಹಾಕಿದ್ದರು. ನಾವೆಲ್ಲ ಅಂಗಳದಲ್ಲಿ ಕಳಶ ಹಿಡಿದು ನಿಂತು ನಮೋಸ್ತು ಅಂದೆವು. ಮಹಾರಾಜರು ಬಂದರು, ನಿಂತರು, ಒಳಗೆ ನಡೆದರು. ಯಾವ ಒಲೆ ಎಂದು ಯಾರನ್ನೂ ಕೇಳಲಿಲ್ಲ.

ಮನಶುದ್ಧಿ ಐತಿ ಎಂದು ಹೇಳುವಾಗ ಬಾಯಿ ಒಂದು ಕ್ಷಣ ತಡೆಯಿತು. ಹೇಳಿದೆ. ಈ ಸಲ ಅರ್ಧ ಮಾತ್ರ ಸುಳ್ಳು.

ಆಹಾರವಾದ ಮೇಲೆ ಗೋಡೆ ಬಿಚ್ಚಿದ್ದನ್ನು, ಇರುವೆಗಳ ಮನೆ ಹಾಳಾದದ್ದನ್ನು ಹೇಳಿಕೊಂಡೆ. ಒಂದು ದಿನ ಉಪವಾಸ ಕೊಟ್ಟರು. ನಾಳೆ ಮಾಡುತ್ತೇನೆ. ಮಯೂರಿ ತಾನೂ ಮಾಡುತ್ತೇನೆ ಅಂದಳು. ನೀನು ಉಣ್ಣು, ಕೆಮ್ಮು ಇನ್ನೂ ಪೂರ್ತಿ ಹೋಗಿಲ್ಲ ಎಂದು ಬೈದೆ.

೩ ಆಗಸ್ಟ್, ರವಿವಾರ

ಕೆಮ್ಮು: ಮಯೂರಿ ಇಲ್ಲ. ನನ್ನದು ಎಂಟು. ಡಾಕ್ಟರು ಹೇಳಿದ್ದಾರೆ, ನನ್ನದು ಪೂರ್ತಿ ಹೋಗುವುದಲ್ಲ, ಇಷ್ಟಕ್ಕೇ ನಿಲ್ಲಿಸಬಹುದು.

ಮಾಳೇಶ ಚೌಕಟ್ಟು ಕೂಡಿಸಿ ಹೋದ. ಬಿಚ್ಚಿದ ಇಟ್ಟಿಗೆಗಳನ್ನು ಏನು ಮಾಡಲಿ ಎಂದು ಕೇಳಿದ. ಮಯೂರಿ ಹೇಳಿದಳು, ಒಲೆಯ ಎರಡೂ ಬಾಯಿಗೆ ಅವನ್ನೇ ತುಂಬಿ, ಮೇಲೆ ಕಡಪಾ ಕಲ್ಲು ಹಾಸು ಎಂದು. ಸರಿಯಾಗಿ ಹಿಡಿದವು, ಒಂದೂ ಹೆಚ್ಚಾಗಲಿಲ್ಲ. ಈಗ ಅದು ಕಿಟಕಿಯ ಪಕ್ಕದ ಕಟ್ಟೆ. ಮೇಲೆ ತನ್ನ ತವರಿನ ಕೌದಿ ಮಡಚಿ ಹಾಕಿದ್ದಾಳೆ, "ಆಯಿ, ಇಲ್ಲಿ ಕುಂತ ನಿಮ್ಮ ಉಸಿರಿನ ವ್ಯಾಯಾಮ ಮಾಡ್ರಿ" ಅಂದಳು. ಅಂಚಿಗೆ ಆ ಹಳದಿ ಲೈಟಿನ ಸರ ಹಾಕಲೇ ಎಂದು ಕೇಳಿದಳು. ಒಂದು ಸರ ತಾನೇ, ಹಾಕಿಕೊಳ್ಳಲಿ.

ಸಂಜೆ ಊಟ ಮುಗಿಸಿ, ಇನ್ನೂ ಬೆಳಕಿರುವಾಗಲೇ ಅಲ್ಲಿ ಕೂಡಬೇಕೆಂದು ಕೈ ಒರೆಸಿಕೊಂಡು ಬಂದರೆ, ಎಲ್ಲರಿಗಿಂತ ಮೊದಲು ಹೋಗಿ ಕೂತವರು ಇವರು. ಕಾಲು ಚಾಚಿ, ಬೆನ್ನು ಚೌಕಟ್ಟಿಗೆ ಆನಿಸಿ, ರಸ್ತೆ ನೋಡುತ್ತ.

"ಗಾಳಿ ಚಲೋ ಬರ್ತೈತಿ ಇಲ್ಲಿ" ಅಂದರು. ಹನ್ನೆರಡು ದಿನದ ಮೇಲೆ ಆಡಿದ ಮೊದಲ ಮಾತು.

"ಅವಾಗೂ ಬರ್ತಿತ್ರಿ" ಅಂದೆ.

ರಸ್ತೆಯಲ್ಲಿ ಒಂದು ಟ್ರಾಕ್ಟರು ಹೋಯಿತು. ಅದು ದೂರ ಹೋಗುವತನಕ ಇವರು ನೋಡಿದರು.

"ಏಳ್ರಿ" ಅಂದೆ.

ಎದ್ದರು.